ಖಿನ್ನತೆಯ ವಿದ್ಯುತ್ ಚಿಕಿತ್ಸೆ: ಮೆದುಳಿನ ಚಿತ್ರಗಳು ತೋರಿದ್ದೇನು?

ಖಿನ್ನತೆಗೆ ವಿದ್ಯುತ್ ಚಿಕಿತ್ಸೆ ಬಂದದ್ದು ಮೊದಲು. ಆ ವಿದ್ಯುತ್ತು ಮೆದುಳಿನೊಳಗೆ ಏನು ಮಾಡುತ್ತದೆಂದು ನೋಡುವ ಸಾಧನ ಬಂದದ್ದು ಎಷ್ಟೋ ವರ್ಷಗಳ ನಂತರ. ರೋಮ್‌ನ ಉಗೊ ಚೆರ್ಲೆಟ್ಟಿ ಮತ್ತು ಲೂಚಿಯೊ ಬಿನಿ 1938ರಲ್ಲಿ ಇಸಿಟಿಯನ್ನು, ಅಂದರೆ ಜನ ಇಂದಿಗೂ ‘ಶಾಕ್ ಟ್ರೀಟ್‌ಮೆಂಟ್’ ಎನ್ನುವ ಚಿಕಿತ್ಸೆಯನ್ನು, ಮೊದಲು ಪ್ರಯೋಗಿಸಿದರು. ತೀವ್ರ ಖಿನ್ನತೆಗೆ ಅದರಷ್ಟು ಫಲ ಕೊಡುವ ಚಿಕಿತ್ಸೆಗಳು ಈಗಲೂ ಕಡಿಮೆ. ಭಾರತದಲ್ಲಿ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ಅದನ್ನು ನೀಡುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಆದರೆ ಇಸಿಟಿ ಏಕೆ ಕೆಲಸ ಮಾಡುತ್ತದೆ ಎಂಬ ಪ್ರಶ್ನೆಗೆ ದಶಕಗಳ ಕಾಲ ಊಹೆಯೇ ಉತ್ತರವಾಗಿತ್ತು.

ಪೆಟ್ ಸ್ಕ್ಯಾನ್ ಬಂದ ಮೇಲೆ ಈ ಸ್ಥಿತಿ ಬದಲಾಯಿತು. ಅಲ್ಪ ಪ್ರಮಾಣದ ವಿಕಿರಣಶೀಲ ವಸ್ತುವನ್ನು ರಕ್ತಕ್ಕೆ ಸೇರಿಸಿ, ಮೆದುಳಿನ ಯಾವ ಭಾಗಕ್ಕೆ ಎಷ್ಟು ರಕ್ತ ಹರಿಯುತ್ತಿದೆ ಎಂದು ಅದರಿಂದ ತಿಳಿಯಬಹುದು. ನರವಿಜ್ಞಾನಿ ಹೆಲೆನ್ ಮೇಬರ್ಗ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದ ತಳಪಾಯ. ಆರೋಗ್ಯವಂತರು ದುಃಖದ ನೆನಪಿನಲ್ಲಿ ಮುಳುಗಿದಾಗ, ಮೆದುಳಿನ ಮುಂಭಾಗದ ಆಳದಲ್ಲಿರುವ ‘25ನೇ ಪ್ರದೇಶ’ದಲ್ಲಿ ರಕ್ತದ ಹರಿವು ಏರಿತು, ಹಣೆಯ ಹಿಂದಿನ ಹೊರಪದರದಲ್ಲಿ ಇಳಿಯಿತು. ಖಿನ್ನತೆಯಿಂದ ಚೇತರಿಸಿಕೊಂಡವರಲ್ಲಿ ಇದು ತಿರುವುಮುರುವಾಗಿತ್ತು.

ಹಾಗಾದರೆ 25ನೇ ಪ್ರದೇಶವನ್ನು ನೇರವಾಗಿ ತಣಿಸಿದರೆ ಹೇಗೆ? ಮೇಬರ್ಗ್ ಮತ್ತು ಶಸ್ತ್ರವೈದ್ಯ ಆಂಡ್ರೆಸ್ ಲೊಜಾನೊ ಟೊರಾಂಟೊದಲ್ಲಿ ಯಾವ ಚಿಕಿತ್ಸೆಗೂ ಬಗ್ಗದ ಖಿನ್ನತೆಯಿದ್ದ ಆರು ಮಂದಿಯ ಮೆದುಳಿನ ಆಳಕ್ಕೆ ತೆಳುವಾದ ಎಲೆಕ್ಟ್ರೋಡ್‌ಗಳನ್ನು ಇಳಿಸಿದರು. ಶಸ್ತ್ರಕ್ರಿಯೆಯ ವೇಳೆ ರೋಗಿಗಳು ಎಚ್ಚರವಾಗಿದ್ದರು. ವಿದ್ಯುತ್ ಹರಿಸಿದಾಗ ಒಳಗಿನ ಶೂನ್ಯ ಕರಗಿದಂತೆ, ಮನಸ್ಸು ಹಗುರಾದಂತೆ, ಕಣ್ಣೆದುರಿನ ಬಣ್ಣಗಳು ಗಾಢವಾದಂತೆ ಅನಿಸಿತೆಂದು ಕೆಲವರು ಹೇಳಿದರು. ಆರು ತಿಂಗಳ ಬಳಿಕವೂ ನಾಲ್ವರಲ್ಲಿ ಸುಧಾರಣೆ ಉಳಿದಿತ್ತು. ಪೆಟ್ ಚಿತ್ರಗಳಲ್ಲಿ 25ನೇ ಪ್ರದೇಶದ ರಕ್ತದ ಹರಿವು ತಗ್ಗಿತ್ತು. 2005ರಲ್ಲಿ ಪ್ರಕಟವಾದ ಈ ಫಲಿತಾಂಶ ದೊಡ್ಡ ಭರವಸೆ ಹುಟ್ಟಿಸಿತು.

ಆ ಭರವಸೆಗೆ ಪೆಟ್ಟೂ ಬಿತ್ತು. ಅಮೆರಿಕದಲ್ಲಿ 90 ರೋಗಿಗಳಿಗೆ ಎಲೆಕ್ಟ್ರೋಡ್ ಅಳವಡಿಸಿ, ಕೆಲವರಿಗೆ ವಿದ್ಯುತ್ ಹರಿಸಿ, ಉಳಿದವರಿಗೆ ಹರಿಸದೆ ನಡೆಸಿದ ‘ಬ್ರಾಡನ್’ ಪ್ರಯೋಗದಲ್ಲಿ ಆರು ತಿಂಗಳಿಗೆ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ವರದಿ 2017ರಲ್ಲಿ ಹೊರಬಂತು. ಎರಡು ವರ್ಷ ಚಿಕಿತ್ಸೆ ಮುಂದುವರಿಸಿದಾಗ ಸುಮಾರು ಅರ್ಧದಷ್ಟು ಜನರಲ್ಲಿ ಸುಧಾರಣೆ ಕಂಡಿತಾದರೂ, ಹೋಲಿಸಿ ನೋಡಲು ಆಗ ವಿದ್ಯುತ್ ಹರಿಸದ ಗುಂಪೇ ಉಳಿದಿರಲಿಲ್ಲ.

ಸೋಲಿಗೆ ಕಾರಣ ಹುಡುಕುವ ಕೆಲಸವೂ ಚಿತ್ರಣದ ಪಾಲಿಗೇ ಬಂತು. ನೀರಿನ ಕಣಗಳು ನರತಂತುಗಳ ಉದ್ದಕ್ಕೆ ಸುಲಭವಾಗಿ ಚಲಿಸುತ್ತವೆ, ಅಡ್ಡಕ್ಕೆ ಅಷ್ಟಾಗಿ ಚಲಿಸುವುದಿಲ್ಲ. ಡಿಫ್ಯೂಷನ್ ಎಂಆರ್‌ಐ ಈ ಚಲನೆಯನ್ನು ಅಳೆದು ತಂತುಗಳ ದಾರಿಯನ್ನು ಲೆಕ್ಕಹಾಕುತ್ತದೆ. ಬ್ರಾಡನ್ ವರದಿ ಹೊರಬರುವ ಮೊದಲೇ, 2014ರಲ್ಲಿ, ಇಂಥ ಎಲೆಕ್ಟ್ರೋಡ್‌ಗಳಿಂದ ಗುಣವಾದವರ ಚಿತ್ರಗಳನ್ನು ಈ ವಿಧಾನದಿಂದ ಪರೀಕ್ಷಿಸಿದಾಗ, ಎಲೆಕ್ಟ್ರೋಡ್ ಸುತ್ತಲಿನ ವಿದ್ಯುತ್ ಕ್ಷೇತ್ರ ನಾಲ್ಕು ತಂತುಕಟ್ಟುಗಳನ್ನು ಒಟ್ಟಿಗೆ ತಾಗುತ್ತಿದ್ದುದು ಕಂಡಿತು. ಅಂದರೆ ಗುರಿಯಾಗಬೇಕಾದದ್ದು ಒಂದು ಬಿಂದುವಲ್ಲ, ಹಲವು ದಾರಿಗಳು ಕೂಡುವ ತಾಣ. ಮೊದಲೇ ಆ ತಾಣವನ್ನು ಪ್ರತಿ ರೋಗಿಯಲ್ಲೂ ಗುರುತಿಸಿಕೊಂಡು 11 ಮಂದಿಗೆ ಚಿಕಿತ್ಸೆ ನೀಡಿದಾಗ, ಒಂದು ವರ್ಷಕ್ಕೆ ಒಂಬತ್ತು ಮಂದಿ ಸುಧಾರಿಸಿದ್ದರೆಂದು 2018ರ ವರದಿ ಹೇಳಿತು. ಸಂಖ್ಯೆ ಚಿಕ್ಕದು, ಹೋಲಿಕೆಯ ಗುಂಪೂ ಇರಲಿಲ್ಲ. ಆದರೂ ಈ ಕ್ಷೇತ್ರದ ಅತ್ಯಂತ ಫಲವತ್ತಾದ ಆಲೋಚನೆ ಇದೇ.

ತಲೆಬುರುಡೆ ತೆರೆಯದೆ ಮಾಡುವ ಟಿಎಂಎಸ್‌ನಲ್ಲೂ ಜಾಗದ ಪ್ರಶ್ನೆಯೇ ಮುಖ್ಯ. ಇದರಲ್ಲಿ ತಲೆಯ ಮೇಲಿಟ್ಟ ಕಾಯಿಲ್‌ನ ಕಾಂತೀಯ ಸ್ಪಂದನಗಳು ಮೆದುಳಿನ ಹೊರಪದರದಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತವೆ. ಸ್ಪಂದನ ಕೊಟ್ಟಾಗ ಹೆಬ್ಬೆರಳು ಅದುರುವ ಜಾಗ ಕಂಡುಕೊಂಡು ಅಲ್ಲಿಂದ 5 ಸೆಂ.ಮೀ. ಮುಂದಕ್ಕೆ ಕಾಯಿಲ್ ಇಡುವುದು ಹಳೆಯ ರೂಢಿ. ಎಲ್ಲರ ತಲೆಯೂ ಒಂದೇ ಅಳತೆಯದಲ್ಲ. 22 ಜನರ ಎಂಆರ್‌ಐ ನೋಡಿದಾಗ ಕಾಯಿಲ್ ಸರಿಯಾದ ಜಾಗದಲ್ಲಿದ್ದದ್ದು 7 ಮಂದಿಯಲ್ಲಿ ಮಾತ್ರ ಎಂದು 2001ರಲ್ಲೇ ತಿಳಿದಿತ್ತು. ಸಂಶೋಧಕ ಮೈಕೆಲ್ ಫಾಕ್ಸ್ ಅವರ ತಂಡ 2012ರಲ್ಲಿ ಇನ್ನೊಂದು ಕೊಂಡಿ ತೋರಿಸಿತು: ಹೊರಪದರದ ಯಾವ ಜಾಗದ ಚಟುವಟಿಕೆ 25ನೇ ಪ್ರದೇಶದ ಚಟುವಟಿಕೆಗೆ ವಿರುದ್ಧ ದಿಕ್ಕಿನಲ್ಲಿ ಏರಿಳಿಯುತ್ತದೋ, ಅಲ್ಲಿ ಕೊಟ್ಟ ಟಿಎಂಎಸ್ ಹೆಚ್ಚು ಫಲಿಸುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಫಂಕ್ಷನಲ್ ಎಂಆರ್‌ಐ ಮೂಲಕ ಅಂಥ ಜಾಗ ಹುಡುಕಿ, ದಿನಕ್ಕೆ 10 ಸಲದಂತೆ ಐದು ದಿನ ಕೊಡುವ ‘ಸೇಂಟ್’ ಕ್ರಮ ರೂಪುಗೊಂಡಿತು. ಅಮೆರಿಕದಲ್ಲಿ 2022ರಲ್ಲಿ ಅದಕ್ಕೆ ಅನುಮತಿ ಸಿಕ್ಕಿತು.

ಸೇಂಟ್ ಕ್ರಮದ ಯಶಸ್ಸಿನಲ್ಲಿ ಚಿತ್ರದ ಪಾಲೆಷ್ಟು, ಹೆಚ್ಚಿದ ಪ್ರಮಾಣದ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಬ್ರಿಟನ್ನಿನ ‘ಬ್ರೈಟ್‌ಮೈಂಡ್’ ಪ್ರಯೋಗದಲ್ಲಿ 255 ಮಂದಿ ಭಾಗವಹಿಸಿದ್ದರು. ಮೆದುಳಿನ ಸಂಪರ್ಕಜಾಲ ನೋಡಿ ಜಾಗ ಆಯ್ದ ಗುಂಪೂ, ಸಾಮಾನ್ಯ ಎಂಆರ್‌ಐ ಆಧರಿಸಿ ಆಯ್ದ ಗುಂಪೂ ಸರಿಸುಮಾರು ಒಂದೇ ಮಟ್ಟಕ್ಕೆ ಚೇತರಿಸಿಕೊಂಡವು ಎಂದು 2024ರಲ್ಲಿ ಪ್ರಕಟವಾಯಿತು.

ಇಸಿಟಿಯ ಚಿತ್ರಗಳೂ ಎಚ್ಚರಿಕೆಯನ್ನೇ ಕಲಿಸುತ್ತವೆ. ಚಿಕಿತ್ಸೆಯ ನಂತರ ಮೆದುಳಿನ ಹಿಪ್ಪೊಕ್ಯಾಂಪಸ್ ಎಂಬ ಭಾಗ ಹಿಗ್ಗುವುದು ಮತ್ತೆ ಮತ್ತೆ ಕಂಡಿದೆ. ಆದರೆ ಹಲವು ಕೇಂದ್ರಗಳ ಸುಮಾರು 280 ರೋಗಿಗಳ ಮಾಹಿತಿ ಒಟ್ಟುಗೂಡಿಸಿ 2018ರಲ್ಲಿ ನೋಡಿದಾಗ, ಹೆಚ್ಚು ಹಿಗ್ಗಿದವರೇ ಹೆಚ್ಚು ಗುಣವಾದರು ಎಂದು ಸಿದ್ಧವಾಗಲಿಲ್ಲ. ಚಿತ್ರದಲ್ಲಿ ಕಂಡ ಬದಲಾವಣೆಯೇ ಗುಣಕ್ಕೆ ಕಾರಣವೆಂದು ಹೇಳಲು ಬರುವುದಿಲ್ಲ. ಸ್ಕ್ಯಾನ್ ನೋಡಿ ಖಿನ್ನತೆಯನ್ನು ಪತ್ತೆಹಚ್ಚುವುದು ಇಂದಿಗೂ ಸಾಧ್ಯವಿಲ್ಲ. ಆ ಕೆಲಸ ಈಗಲೂ ನಡೆಯುವುದು ರೋಗಿಯ ಮಾತು ಕೇಳಿ, ಲಕ್ಷಣಗಳನ್ನು ಪರಿಶೀಲಿಸಿಯೇ.