ದುಃಖದ ಮರ ಎನಿಸಿಕೊಂಡ ಪಾರಿಜಾತ

ಶರದೃತುವಿನಲ್ಲಿ ಪಾರಿಜಾತದ ಮರವಿರುವ ಅಂಗಳಕ್ಕೆ ನಸುಕಿನಲ್ಲೇ ರಂಗೋಲಿ ಬಿದ್ದಿರುತ್ತದೆ. ಬಿಳಿಯ ಎಸಳು, ಕಿತ್ತಳೆ ಬಣ್ಣದ ತೊಟ್ಟು. ಮುಸ್ಸಂಜೆಗೆ ಬಿರಿದ ಹೂವು ರಾತ್ರಿಯೆಲ್ಲ ಪರಿಮಳ ಚೆಲ್ಲಿ, ಸೂರ್ಯ ಮೂಡುವ ಹೊತ್ತಿಗೆ ನೆಲ ಸೇರುತ್ತದೆ. ಹಗಲಿನಲ್ಲಿ ನೋಡಿದರೆ ಮರದಲ್ಲಿ ಒರಟು ಎಲೆ, ಚಪ್ಪಟೆ ಕಾಯಿ ಮತ್ತು ಮರುಸಂಜೆಗೆ ಕಾದಿರುವ ಮೊಗ್ಗುಗಳಷ್ಟೇ.

ಸಸ್ಯಶಾಸ್ತ್ರದಲ್ಲಿ ಇದರ ಹೆಸರು ‘ನಿಕ್ಟಾಂಥಿಸ್ ಆರ್ಬರ್ ಟ್ರಿಸ್ಟಿಸ್’. ‘ನಿಕ್ಟಾಂಥಿಸ್’ ಎಂದರೆ ಗ್ರೀಕ್ ಮೂಲದಲ್ಲಿ ಇರುಳ ಹೂವು. ‘ಆರ್ಬರ್ ಟ್ರಿಸ್ಟಿಸ್’ ಎಂದರೆ ಲ್ಯಾಟಿನ್ನಿನಲ್ಲಿ ದುಃಖದ ಮರ. ದೇವಲೋಕದಿಂದ ಇಳಿದು ಬಂದದ್ದೆಂದು ಇಲ್ಲಿನ ಜನ ನಂಬಿರುವ ಮರಕ್ಕೆ ಶೋಕದ ಹೆಸರು ಅಂಟಿಕೊಂಡದ್ದು ಹೇಗೆ? ಇದರ ಉತ್ತರ ಹದಿನಾರನೆಯ ಶತಮಾನದ ಗೋವಾದಲ್ಲಿ ಸಿಗುತ್ತದೆ.

ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ 1534ರಲ್ಲಿ ಗೋವಾಕ್ಕೆ ಬಂದ. ಭಾರತದ ಔಷಧ ಸಸ್ಯಗಳನ್ನು ಕುರಿತು, ಇಬ್ಬರು ವೈದ್ಯರ ಸಂಭಾಷಣೆಯ ರೂಪದಲ್ಲಿ ಆತ ಬರೆದ ಗ್ರಂಥ 1563ರಲ್ಲಿ ಗೋವಾದಲ್ಲೇ ಅಚ್ಚಾಯಿತು. ಅದರಲ್ಲಿ ಒಂದು ಅಧ್ಯಾಯ ಈ ‘ದುಃಖದ ಮರ’ದ್ದು. ಅಲ್ಲಿ ಆತ ಕೇಳಿದ ಒಂದು ಕಥೆಯೂ ಇದೆ. ಪಾರಿಜಾತಕನೆಂಬ ಒಡೆಯನ ಮಗಳು ಸೂರ್ಯನಿಗೆ ಮನಸೋತಳು. ಸೂರ್ಯ ಅವಳನ್ನು ತೊರೆದ. ಅವಳು ಪ್ರಾಣ ಬಿಟ್ಟಳು. ಅವಳ ಚಿತೆಯ ಬೂದಿಯಿಂದ ಹುಟ್ಟಿದ ಮರವಾದ್ದರಿಂದಲೇ ಇದರ ಹೂವು ಸೂರ್ಯನ ಮುಖ ನೋಡುವುದಿಲ್ಲ.

ಈ ಕಥೆಯನ್ನು ದಾಖಲಿಸಿದ ಓರ್ತಾನ ಕಥೆಯೂ ಬೂದಿಯಲ್ಲೇ ಮುಗಿಯಿತು. ಆತನದು ಬಲವಂತದಿಂದ ಕ್ರೈಸ್ತಮತಕ್ಕೆ ಸೇರಿದ ಯೆಹೂದಿ ಮನೆತನ. ಗೋವಾದಲ್ಲಿ 1560ರಲ್ಲಿ ಮತೀಯ ವಿಚಾರಣಾ ನ್ಯಾಯಾಲಯ (ಇನ್‌ಕ್ವಿಸಿಷನ್) ಆರಂಭವಾಯಿತು. ಓರ್ತಾ 1568ರಲ್ಲಿ ತೀರಿಕೊಂಡ. ಮರುವರ್ಷವೇ ಆತನ ಸೋದರಿಯನ್ನು ಸುಡಲಾಯಿತು. 1580ರಲ್ಲಿ, ಗುಟ್ಟಾಗಿ ಯೆಹೂದಿ ಧರ್ಮ ಪಾಲಿಸುತ್ತಿದ್ದನೆಂಬ ಆರೋಪದ ಮೇಲೆ, ಓರ್ತಾನ ಅಸ್ಥಿಯನ್ನೂ ಗೋರಿಯಿಂದ ತೆಗೆದು ಸುಟ್ಟರು. ಆದರೆ ಪುಸ್ತಕ ಅಷ್ಟರಲ್ಲಿ ಯುರೋಪು ಸೇರಿತ್ತು. 1567ರಲ್ಲೇ ಕ್ಲೂಸಿಯಸ್ ಅದರ ಲ್ಯಾಟಿನ್ ಸಂಗ್ರಹವನ್ನು ಪ್ರಕಟಿಸಿದ್ದ. ಹೀಗೆ ಹರಡಿದ ‘ದುಃಖದ ಮರ’ ಎಂಬ ಹೆಸರನ್ನು 1753ರಲ್ಲಿ ಲಿನೇಯಸ್ ಶಾಸ್ತ್ರೀಯವಾಗಿ ಸ್ಥಿರಗೊಳಿಸಿದ.

ಈ ನೆಲದ ಕಾವ್ಯ ಪುರಾಣಗಳಲ್ಲಿ ಕಾಣುವ ಚಿತ್ರವೇ ಬೇರೆ. ಸಂಸ್ಕೃತದಲ್ಲಿ ಈ ಹೂವಿಗೆ ಶೇಫಾಲಿಕೆ ಎಂಬ ಹೆಸರುಂಟು. ಕಾಳಿದಾಸನದೆಂದು ಹೇಳಲಾಗುವ ‘ಋತುಸಂಹಾರ’ದಲ್ಲಿ ಶರತ್ಕಾಲದ ಉದ್ಯಾನಗಳಿಗೆ ಕಂಪು ತುಂಬುವುದು ಶೇಫಾಲಿಕೆಯೇ. ಪುರಾಣದ ಪಾರಿಜಾತವಾದರೋ ಸಮುದ್ರಮಥನದಲ್ಲಿ ಹುಟ್ಟಿ ಇಂದ್ರನ ವನ ಸೇರಿದ ವೃಕ್ಷ. ನಾರದ ತಂದ ಹೂವೊಂದು ರುಕ್ಮಿಣಿಯ ಪಾಲಾದಾಗ ಸತ್ಯಭಾಮೆ ಮುನಿದಳು. ಅವಳನ್ನು ಸಂತೈಸಲು ಕೃಷ್ಣ ಇಂದ್ರನೊಡನೆ ಕಾದಾಡಿ ಮರವನ್ನೇ ತಂದ. ಕೃಷ್ಣದೇವರಾಯನ ಆಸ್ಥಾನಕವಿ ನಂದಿ ತಿಮ್ಮನ ಇದನ್ನೇ ವಸ್ತುವಾಗಿಸಿ ತೆಲುಗಿನಲ್ಲಿ ‘ಪಾರಿಜಾತಾಪಹರಣಮು’ ರಚಿಸಿದ. ಮರ ಭಾಮೆಯ ಅಂಗಳದ್ದಾದರೂ ಹೂವು ಉದುರಿದ್ದು ರುಕ್ಮಿಣಿಯ ಅಂಗಳಕ್ಕೆ ಎಂಬುದು ಜನ ಸೇರಿಸಿಕೊಂಡ ಮಾತು.

ಹೂವು ಉದುರುವುದನ್ನು ಓರ್ತಾ ಕೇಳಿದ ಕಥೆ ಶೋಕವೆಂದಿತು. ಮನೆಮನೆಯ ಆಚಾರ ಅದನ್ನು ಅರ್ಪಣೆಯೆಂದಿತು. ನೆಲಕ್ಕೆ ಬಿದ್ದ ಹೂವನ್ನು ದೇವರಿಗೆ ಏರಿಸಬಾರದೆಂಬುದು ರೂಢಿ. ಪಾರಿಜಾತಕ್ಕೆ ಮಾತ್ರ ಈ ಕಟ್ಟಳೆ ಸಡಿಲ. ಮರದಡಿ ಸಾರಿಸಿ, ಇಲ್ಲವೇ ಬಟ್ಟೆ ಹಾಸಿ, ಬಿದ್ದದ್ದನ್ನೇ ಆರಿಸಿ ಪೂಜೆಗಿಡುತ್ತಾರೆ. ಉಳಿದ ತೊಟ್ಟೂ ವ್ಯರ್ಥವಲ್ಲ. ಅದರ ಕಿತ್ತಳೆ ಬಣ್ಣದಿಂದ ರೇಷ್ಮೆಗೆ, ಬೌದ್ಧ ಭಿಕ್ಷುಗಳ ಚೀವರಕ್ಕೆ ಬಣ್ಣ ಕಟ್ಟುತ್ತಿದ್ದರು.

ವಿಜ್ಞಾನದ ಕಣ್ಣಿಗೆ ಇಲ್ಲಿ ಸೂರ್ಯದ್ವೇಷವೂ ಇಲ್ಲ, ಶೋಕವೂ ಇಲ್ಲ. ಇರುಳಿನಲ್ಲಿ ಹಾರಾಡುವ ಪತಂಗಗಳಿಗೆ ಕೆಂಪು, ನೀಲಿಗಿಂತ ಬಿಳಿ ಸುಲಭವಾಗಿ ಕಾಣುತ್ತದೆ. ಪರಿಮಳ ದೂರದಿಂದಲೇ ದಾರಿ ತೋರುತ್ತದೆ. ಇರುಳಲ್ಲಿ ಅರಳುವ ಹೂವುಗಳಲ್ಲಿ ಹೆಚ್ಚಿನವು ಬಿಳಿಯಾಗಿ, ಸುವಾಸನೆಯಿಂದ ಕೂಡಿರುವುದು ಇದಕ್ಕೇ. ಪಾರಿಜಾತದ ಹೂವಿನ ಆಯುಸ್ಸು ಒಂದೇ ರಾತ್ರಿ; ಅದರ ಕೆಲಸವೂ ಅಷ್ಟರಲ್ಲೇ ಮುಗಿಯಬೇಕು.

ಲಿನೇಯಸ್ ಇಟ್ಟ ಹೆಸರು ಇಂದಿಗೂ ಬದಲಾಗಿಲ್ಲ. ಸಸ್ಯೋದ್ಯಾನಗಳ ಫಲಕಗಳಲ್ಲಿ ಅದು ದುಃಖದ ಮರವೇ. ಬುಟ್ಟಿ ಹಿಡಿದು ನಸುಕಿನಲ್ಲಿ ಅಂಗಳಕ್ಕಿಳಿಯುವವರಿಗೆ ಮಾತ್ರ ಅದು ಪಾರಿಜಾತ.