ಶಿಕ್ಷಕರನ್ನು ರೂಪಿಸಿದ ಸಂತ ಲಾಸಾಲ್



ಪ್ರತಿವರ್ಷ ಏಪ್ರಿಲ್ 7ರಂದು ಧರ್ಮಸಭೆಯು ಸಂತ ಜಾನ್ ಬ್ಯಾಪ್ಟಿಸ್ಟ್ ಡಿ ಲಾಸಾಲ್ ಅವರನ್ನು ಸ್ಮರಿಸುತ್ತದೆ. ಬಡಮಕ್ಕಳಿಗೆ ಶಾಲೆ ತೆರೆದವರೆಂದು ಅವರನ್ನು ಕೊಂಡಾಡುವುದುಂಟು. ಆದರೆ ಅವರಿಗಿಂತ ಮೊದಲೇ ಫ್ರಾನ್ಸಿನಲ್ಲಿ ಅಂತಹ ಶಾಲೆಗಳಿದ್ದವು. ಕೊರತೆಯಿದ್ದದ್ದು ಕಲಿಸಬಲ್ಲ ಶಿಕ್ಷಕರದು. ಲಾಸಾಲರು ತಮ್ಮ ಬಾಳನ್ನು ಸವೆಸಿದ್ದು ಈ ಕೊರತೆಯನ್ನು ನೀಗುವುದಕ್ಕಾಗಿ.

ಅವರು ಹುಟ್ಟಿದ್ದು 1651ರಲ್ಲಿ, ರೇಮ್ಸ್ ನಗರದ ಸಿರಿವಂತ ಮನೆತನದಲ್ಲಿ. 1678ರಲ್ಲಿ ಗುರುದೀಕ್ಷೆ ಪಡೆದ ಅವರಿಗೆ ಅಲ್ಲಿನ ಪ್ರಧಾನಾಲಯದಲ್ಲಿ ಗೌರವದ ಸ್ಥಾನವೂ ಸ್ಥಿರವಾದ ವರಮಾನವೂ ಇದ್ದವು. 1679ರಲ್ಲಿ ಏಡ್ರಿಯನ್ ನೀಲ್ ಎಂಬುವರು ಬಡವರ ಶಾಲೆ ತೆರೆಯಲು ರೇಮ್ಸ್‌ಗೆ ಬಂದಾಗ ಲಾಸಾಲರು ನೆರವಾದರು. ಶಾಲೆಗಳೇನೋ ಬೇಗ ಹೆಚ್ಚಿದವು. ಆದರೆ ಶಿಕ್ಷಕರ ಓದು ಅಷ್ಟಕ್ಕಷ್ಟೇ, ಅವರಿಗೆ ದಾರಿ ತೋರುವವರೂ ಇರಲಿಲ್ಲ. ಮೊದಮೊದಲು ಅವರನ್ನು ತಮ್ಮ ಮನೆಯ ಸೇವಕನಿಗಿಂತಲೂ ಕೀಳಾಗಿ ಎಣಿಸಿದ್ದಾಗಿ ಲಾಸಾಲರೇ ಮುಂದೆ ಒಪ್ಪಿಕೊಂಡಿದ್ದಾರೆ. ಹಾಗಿದ್ದೂ 1681ರಲ್ಲಿ ಆ ಶಿಕ್ಷಕರನ್ನು ತಮ್ಮ ಮನೆಗೇ ಕರೆತಂದರು. ನೆಂಟರಿಷ್ಟರು ಸಿಡಿಮಿಡಿಗೊಂಡರು. ಮರುವರ್ಷ ಲಾಸಾಲರೇ ಮನೆ ಬಿಟ್ಟು, ಶಿಕ್ಷಕರೊಡನೆ ಬಾಡಿಗೆಮನೆ ಸೇರಿದರು.

ನಾಳಿನ ಚಿಂತೆಯಲ್ಲಿದ್ದ ಶಿಕ್ಷಕರಿಗೆ ಅವರು ದೈವಾನುಗ್ರಹದ ಮೇಲೆ ಭರವಸೆ ಇಡಿರೆಂದು ಬೋಧಿಸುತ್ತಿದ್ದರು. ತಮಗೆ ಆಸ್ತಿಯಿದೆ, ವರಮಾನವಿದೆ, ಶಾಲೆ ಮುಚ್ಚಿದರೆ ಬೀದಿಗೆ ಬೀಳುವವರು ನಾವು ಎಂದು ಶಿಕ್ಷಕರು ನೇರವಾಗಿಯೇ ಉತ್ತರಿಸಿದರು. ಆ ಮಾತು ಲಾಸಾಲರ ಎದೆಗೆ ನಾಟಿತು. 1683ರಲ್ಲಿ ಪ್ರಧಾನಾಲಯದ ಸ್ಥಾನವನ್ನು ತೊರೆದರು. ಅದರ ಬೆನ್ನಿಗೇ ಬಂದ ಬರಗಾಲದಲ್ಲಿ ಆಸ್ತಿಯನ್ನೆಲ್ಲ ಹಸಿದವರ ರೊಟ್ಟಿಗೆ ವಿನಿಯೋಗಿಸಿದರು. ಇನ್ನು ಅವರೂ ಶಿಕ್ಷಕರೂ ಸರಿಸಮಾನರು. 'ಕ್ರೈಸ್ತ ಶಾಲೆಗಳ ಸಹೋದರರು' ಎಂಬ ಸಭೆ ಬೆಳೆದದ್ದು ಹೀಗೆ. ಈ ಸಹೋದರರು ಗುರುಗಳಾಗದೆ ಶಿಕ್ಷಕರಾಗಿಯೇ ಉಳಿಯಬೇಕೆಂಬುದು ಅವರ ನಿಯಮ.

ಕಲಿಸುವ ಕ್ರಮವೂ ಬದಲಾಯಿತು. ಅಂದು ಓದು ಆರಂಭವಾಗುತ್ತಿದ್ದದ್ದು ಲತೀನ್ ಭಾಷೆಯಿಂದ. ಕೆಲವೇ ವರ್ಷ ಶಾಲೆಗೆ ಬಂದು ದುಡಿಮೆಗೆ ಹೋಗುವ ಬಡಮಗುವಿಗೆ ಅದರಿಂದೇನು ಫಲ? ಸಹೋದರರು ತಾಯ್ನುಡಿಯಾದ ಫ್ರೆಂಚಿನಿಂದಲೇ ಓದು ತೊಡಗಿಸಿದರು. ಮಕ್ಕಳನ್ನು ಅವರವರ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿ, ಒಟ್ಟಿಗೆ ಪಾಠ ಹೇಳಿದರು. ಹೊಸ ಶಿಕ್ಷಕನನ್ನು ಅನುಭವಸ್ಥರ ಕೈಕೆಳಗೆ ಪಳಗಿಸಿದರು. ಹಲವು ವರ್ಷಗಳ ಅನುಭವವನ್ನು ಎಲ್ಲರೂ ಕೂಡಿ ಚರ್ಚಿಸಿ ರೂಪಿಸಿದ ಕೈಪಿಡಿಯೇ 'ಕ್ರೈಸ್ತ ಶಾಲೆಗಳ ನಿರ್ವಹಣೆ'. 1706ರಲ್ಲಿ ಹಸ್ತಪ್ರತಿಯಾಗಿದ್ದ ಅದು 1720ರಲ್ಲಿ ಅಚ್ಚಾಯಿತು.

ಹಳ್ಳಿಗಳ ಗತಿಯೇನು? ಸಹೋದರರು ಒಂಟಿಯಾಗಿ ಎಲ್ಲಿಗೂ ಹೋಗುವಂತಿರಲಿಲ್ಲ, ಹಳ್ಳಿಗಾದರೋ ಒಬ್ಬ ಶಿಕ್ಷಕನನ್ನು ಸಾಕುವುದೇ ಕಷ್ಟ. ಆದುದರಿಂದ ಲಾಸಾಲರು ಹಳ್ಳಿಯ ಯುವಕರನ್ನೇ ಕರೆಸಿ, ತರಬೇತಿ ನೀಡಿ, ಅವರವರ ಊರಿಗೆ ಹಿಂದಿರುಗಿಸುವ ಶಾಲೆಯನ್ನು ರೇಮ್ಸ್‌ನಲ್ಲಿ ತೆರೆದರು. ಅವರು 1688ರಲ್ಲಿ ಪ್ಯಾರಿಸಿಗೆ ತೆರಳಿದ ಮೇಲೆ ಅದು ಉಳಿಯಲಿಲ್ಲ. 1699ರಲ್ಲಿ ಪ್ಯಾರಿಸಿನಲ್ಲಿ ಆರಂಭಿಸಿದ ಇನ್ನೊಂದೂ ಬಹುಕಾಲ ಬಾಳಲಿಲ್ಲ. ಶುಲ್ಕ ಪಡೆದು ಬರವಣಿಗೆ ಕಲಿಸುತ್ತಿದ್ದವರು ಈ ಉಚಿತ ಶಾಲೆಗಳಿಂದ ತಮ್ಮ ಹೊಟ್ಟೆಗೆ ಕಲ್ಲು ಬಿತ್ತೆಂದು ಅವರನ್ನು ನ್ಯಾಯಾಲಯಕ್ಕೆಳೆದರು. ಸಹೋದರರು ಅನೇಕರು ಬಿಟ್ಟುಹೋದರು. 1691ರಲ್ಲಿ, ಬರೀ ರೊಟ್ಟಿಯಿಂದ ಬಾಳಬೇಕಾಗಿ ಬಂದರೂ ಈ ಕಾರ್ಯ ಬಿಡೆವೆಂದು ಇಬ್ಬರು ಸಂಗಾತಿಗಳೊಡನೆ ಲಾಸಾಲರು ದೇವರ ಮುಂದೆ ವ್ರತ ಕೈಗೊಂಡರು. ಆ ಇಬ್ಬರಲ್ಲಿಯೂ ಒಬ್ಬರು ಮುಂದೆ ದೂರವಾದರು.

1719ರ ಶುಭಶುಕ್ರವಾರ, ರೂಆನ್ ನಗರದಲ್ಲಿ ಲಾಸಾಲರು ಕಣ್ಮುಚ್ಚಿದಾಗ ಸುಮಾರು 100 ಸಹೋದರರಿದ್ದರು. 1900ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು. 1950ರಲ್ಲಿ ಪೋಪ್ ಹನ್ನೆರಡನೇ ಪಯಸ್ ಅವರು ಲಾಸಾಲರನ್ನು ಶಿಕ್ಷಕರ ಪಾಲಕಸಂತರೆಂದು ಸಾರಿದರು.

ಇಂದು ನಮ್ಮ ಧರ್ಮಕೇಂದ್ರಗಳಲ್ಲಿ ಶಾಲೆಯ ಕಟ್ಟಡಕ್ಕೆ ದಾನಿಗಳು ಸಿಗುತ್ತಾರೆ, ಗೋಡೆಯ ಮೇಲೆ ಅವರ ಹೆಸರೂ ಮೂಡುತ್ತದೆ. ಆದರೆ ಹೊಸದಾಗಿ ಸೇರಿದ ಶಿಕ್ಷಕಿಯ ಪಕ್ಕ ಕುಳಿತು, 'ಅಮ್ಮಾ, ಯಾವ ಪಾಠ ಕಷ್ಟವಾಗುತ್ತಿದೆ?' ಎಂದು ಕೇಳುವವರು ಎಷ್ಟು ಮಂದಿ? ಲಾಸಾಲರು ಮಕ್ಕಳನ್ನು ಪ್ರೀತಿಸಲು ಆರಿಸಿಕೊಂಡ ದಾರಿ, ಮಕ್ಕಳ ಮುಂದೆ ನಿಲ್ಲುವವರನ್ನು ಕೈಬಿಡದಿರುವುದು. ಅವರ ಹಬ್ಬವನ್ನು ಆಚರಿಸುವ ನಾವೂ ಆ ದಾರಿಯಲ್ಲಿ ಒಂದು ಹೆಜ್ಜೆಯನ್ನಾದರೂ ಇಡೋಣ.