ಕೈಯಿಂದ ಕೈಗೆ ಬಂದ ಅಜೇಲಿಯ

ಹೆಸರು ಕೆಲವೊಮ್ಮೆ ವಸ್ತುವಿನ ಗುಣವನ್ನು ತಿಳಿಸುತ್ತದೆ, ಕೆಲವೊಮ್ಮೆ ಮರೆಸುತ್ತದೆ. ಅಜೇಲಿಯ ಎಂಬುದು ಎರಡನೆಯ ಬಗೆಯ ಹೆಸರು. ಅದರ ಗ್ರೀಕ್ ಮೂಲಕ್ಕೆ ‘ಒಣಗಿದುದು’ ಎಂದರ್ಥ. ಗಿಡಕ್ಕಾದರೋ ಬೇರು ಒಣಗಿದರೆ ಬದುಕೇ ಇಲ್ಲ. 1753ರಲ್ಲಿ ಲಿನೀಯಸ್ ಪಂಡಿತನು ಇದರ ಒಂದು ಜಾತಿಯನ್ನು ‘ಇಂಡಿಕ’ ಎಂದು ಕರೆದನು. ಅದರ ತವರು ಜಪಾನು. ಇದನ್ನು ಬೇರೊಂದು ಕುಲವೆಂದೂ ಆತ ಬಗೆದಿದ್ದನು. ಅನಂತರದ ಸಸ್ಯಶಾಸ್ತ್ರಜ್ಞರು ರೋಡೊಡೆಂಡ್ರಾನ್ ಕುಲದಲ್ಲಿಯೇ ಸೇರಿಸಿದರು. ನೀಲಗಿರಿಯ ಎತ್ತರದಲ್ಲಿ ಕೆಂಪು ಹೂ ತಳೆದು ನಿಲ್ಲುವ ಮರವೂ ಅದೇ ಕುಲದ್ದೇ.

ಸದಾ ಹಸುರಾಗಿರುವ ಅಜೇಲಿಯಗಳನ್ನು ಬಲ್ಲವರೆಂದರೆ ಜಪಾನಿನ ತೋಟಗಾರರು. ಎದೋ ನಗರದ, ಎಂದರೆ ಇಂದಿನ ಟೋಕಿಯೋದ, ಅಂಚಿನಲ್ಲಿದ್ದ ಸೊಮೆಯಿ ಗ್ರಾಮದ ಇತೋ ಇಹೇ ಎಂಬಾತ 1692ರಲ್ಲಿ ‘ಕಿನ್‌ಶೂ ಮಾಕುರ’ ಎಂಬ ಗ್ರಂಥವನ್ನು ಪ್ರಕಟಿಸಿದನು. ‘ಜರತಾರಿ ದಿಂಬು’ ಎಂಬುದು ಆ ಹೆಸರಿನ ತಾತ್ಪರ್ಯ. ಮುನ್ನೂರಕ್ಕೂ ಮಿಕ್ಕ ತಳಿಗಳನ್ನು ಆತ ಎರಡು ವರ್ಗ ಮಾಡಿದನು: ವಸಂತದಲ್ಲಿ ಅರಳುವುವು ‘ತ್ಸುತ್ಸುಜಿ’, ಹಳೆಯ ಪಂಚಾಂಗದ ಐದನೆಯ ತಿಂಗಳಲ್ಲಿ ಅರಳುವುವು ‘ಸತ್ಸುಕಿ’.

ಈ ತಳಿಗಳು ಉಳಿದು ಬಂದ ಬಗೆಯನ್ನು ಗಮನಿಸಬೇಕು. ಬೀಜ ಬಿತ್ತಿದರೆ ತಾಯಿಯಂತಹ ಗಿಡವೇ ಬರುವ ಭರವಸೆಯಿಲ್ಲ. ಎಳೆಯ ರೆಂಬೆಯ ಕಡ್ಡಿಯನ್ನು ಕತ್ತರಿಸಿ ನೆಟ್ಟು ಬೇರು ಬರಿಸಬೇಕು. ಓಲೆಗರಿ ಜೀರ್ಣವಾಗುವ ಮೊದಲೇ ಲಿಪಿಕಾರ ಪ್ರತಿ ಮಾಡಿದಂತೆ ಈ ಕೆಲಸ. ಅಪರೂಪಕ್ಕೆ ಒಂದು ಕೊಂಬೆ ತಾನಾಗಿಯೇ ಬೇರೆ ಬಣ್ಣದ ಹೂ ಬಿಡುವುದುಂಟು. ಅದನ್ನು ಪಾಠಾಂತರ ಎನ್ನಬಹುದು. ಪ್ರತಿ ಮಾಡುವವರು ಇಲ್ಲವಾದರೆ ಗ್ರಂಥದಂತೆ ತಳಿಯೂ ನಷ್ಟವಾಗುತ್ತದೆ.

ಹೊಸ ತಳಿಗೆ ಬೀಜವೇ ಬೇಕು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಕ್ಯೂಶೂ ದ್ವೀಪದ ಕುರುಮೆ ಪಟ್ಟಣದ ಸಾಕಾಮೋಟೋ ಮೊಟೋಜೋ ಎಂಬ ಸಮುರಾಯಿ ನುಣುಪು ಬೀಜಗಳನ್ನು ಹಾವಸೆಯ ಮೇಲೆ ಬಿತ್ತಿ ಮೊಳೆಯಿಸಿದನು. ಸದಾ ತಂಪಾದ ಹಾಸು ಈ ಗಿಡಕ್ಕೆ ಬೇಕೆಂಬ ಮರ್ಮ ಅದರಲ್ಲಿತ್ತು. 1918ರಲ್ಲಿ ಅರ್ನೋಲ್ಡ್ ಸಸ್ಯೋದ್ಯಾನದ ವಿಲ್ಸನ್ ಕುರುಮೆಗೆ ಹೋಗಿ 50 ತಳಿಗಳನ್ನು ಆರಿಸಿದನು. ಮರುವರ್ಷ ಅವು ಅಮೆರಿಕವನ್ನು ಸೇರಿದವು. ಅನಂತರ ಮೇರಿಲ್ಯಾಂಡಿನ ಗ್ಲೆನ್ ಡೇಲಿನಲ್ಲಿ ಬೆಂಜಮಿನ್ ಮಾರಿಸನ್, ಚಳಿ ತಾಳುವ ದೊಡ್ಡ ಹೂವಿನ ಗಿಡಗಳಿಗಾಗಿ ಸಂಕರ ಮಾಡಿ, 454 ತಳಿಗಳಿಗೆ ಹೆಸರಿಟ್ಟನು.

ಆರೈಕೆಯ ಸೂತ್ರಗಳೆಲ್ಲ ಬೇರಿನಿಂದಲೇ ಹುಟ್ಟುವುವು. ಕೂದಲಿನಷ್ಟು ಸಣ್ಣ ಬೇರುಗಳು ನೆಲದ ಮೇಲ್ಪದರದಲ್ಲಿಯೇ ಹರಡುತ್ತವೆ. ಆದುದರಿಂದ ಆಳವಾಗಿ ನೆಡಬಾರದು; ಬುಡವನ್ನು ಅಗೆಯಬಾರದು; ತರಗೆಲೆಯನ್ನು ಹೊದಿಸಬೇಕು. ನೀರು ಬೇಕು, ಆದರೆ ನಿಲ್ಲಬಾರದು. ಮಣ್ಣು ಹುಳಿಯಾಗಿರಬೇಕು, ಸುಣ್ಣ ಬೆರೆತರೆ ಕಬ್ಬಿಣಾಂಶ ದೊರೆಯದೆ ಎಲೆ ಹಳದಿಯಾಗುತ್ತದೆ. ಮುಂದಿನ ವರ್ಷದ ಮೊಗ್ಗು ಬೇಸಗೆಯಲ್ಲಿಯೇ ಕಟ್ಟುವುದರಿಂದ, ಹೂ ಮುಗಿದೊಡನೆ ಸವರಬೇಕು. ತಡಮಾಡಿ ಸವರಿದವನು ಬರಲಿರುವ ಹೂವನ್ನೇ ಕತ್ತರಿಸುತ್ತಾನೆ.

2010ರಲ್ಲಿ ವಾಷಿಂಗ್ಟನ್ನಿನ ರಾಷ್ಟ್ರೀಯ ಸಸ್ಯೋದ್ಯಾನವು, ಆರೈಕೆಗೆ ಬರುತ್ತಿದ್ದ ಖಾಸಗಿ ಧನಸಹಾಯ ನಿಂತುದರಿಂದ, ಮಾರಿಸನ್ ಕಾಲದ ಗುಡ್ಡದ ಅಜೇಲಿಯಗಳನ್ನು ತೆಗೆದುಹಾಕಲು ಯೋಚಿಸಿತು. ಜನ ವಿರೋಧಿಸಿದರು, ಮರುವರ್ಷ ಹೆಸರು ಹೇಳದ ದಾನಿಯೊಬ್ಬರ ಕೊಡುಗೆಯಿಂದ ಗಿಡಗಳು ಉಳಿದವು. ಇತೋ ಗ್ರಂಥವನ್ನು ಕಪಾಟಿನಲ್ಲಿಟ್ಟು ಕಾಪಾಡಬಹುದು. ಅದರೊಳಗಿನ ಗಿಡವನ್ನು ಕಾಪಾಡಲು ಪ್ರತಿ ತಲೆಮಾರಿನಲ್ಲಿಯೂ ಒಬ್ಬ ಕಡ್ಡಿ ನೆಡಲೇಬೇಕು.